ಗಲ್ಲಿಯೇ ಅಳತೆ ಕೊಟ್ಟ ಮನೆ

ಪುಣೆಯ ಕೋಥ್ರೂಡಿನಲ್ಲಿ ಒಂದು ಹಳೆಯ ಬಂಗಲೆ. ಹಿಂದೆ ಖಾಲಿ ಬಿದ್ದ ಜಾಗದಲ್ಲಿ ಮಗಳಿಗೊಂದು ಪುಟ್ಟ ಮನೆ ಬೇಕು ಅಂತ ಧಾರವಾಡ ಕಡೆಯ ಕಾಕಾ-ಕಾಕು ಕೇಳಿದರು. ಸೈಡ್ ಮಾರ್ಜಿನ್, ಅಂದರೆ ಪಕ್ಕದಲ್ಲಿ ಖಾಲಿ ಬಿಡಬೇಕಾದ ಜಾಗ, ಕಳೆದರೆ ಉಳಿಯುವುದು 16 ಅಡಿ ಅಗಲ, 32 ಅಡಿ ಉದ್ದ. ಕಾರ್ಖಾನೆಯಲ್ಲಿ ಮಾಡಿದ ಮರದ ಮನೆ ತಂದು ಜೋಡಿಸೋಣ ಅಂದೆ. ಕಾಕಾ ತಕ್ಷಣ ಮೊಬೈಲ್ ತೆಗೆದು, ಇಡೀ ಕೋಣೆಯನ್ನೇ ಕ್ರೇನ್ ಎತ್ತಿ ಇಳಿಸುವ ವಿಡಿಯೊ ತೋರಿಸಿದರು. ಚೆನ್ನಾಗಿದೆ, ಆದರೆ ಆ ಗಲ್ಲಿಗೆ ಕ್ರೇನ್ ಎಲ್ಲಿಂದ ಬರಬೇಕು? ಪಿಕಪ್ ನುಗ್ಗಿದರೇ ಎದುರಿನ ಸ್ಕೂಟರ್ ಹಿಂದೆ ಸರಿಯಬೇಕು.

ಹಾಗಾಗಿ ಕೋಣೆ ಬೇಡ, ಗೋಡೆಯ ತುಂಡುಗಳು ಸಾಕು. ಪ್ಲೈವುಡ್ ಹಾಳೆ ಬರುವುದೇ 8 ಅಡಿ ಉದ್ದ, 4 ಅಡಿ ಅಗಲ. ಪ್ಯಾನಲ್ಲಿಗೂ ಅದೇ ಅಳತೆ ಇಟ್ಟೆ. ಕತ್ತರಿಸುವ ಕೆಲಸ ಕಡಿಮೆ, ಚೂರೂ ಕಡಿಮೆ. ನಾಲ್ಕು ಜನ ಕೈ ಹಾಕಿದರೆ ಗೇಟಿನೊಳಗೆ ಒಯ್ಯಬಹುದು. ಎತ್ತರ ಸಾಲದು ಅನ್ನಬೇಡಿ, ಇಳಿಜಾರು ಛಾವಣಿ ಒಳಗೆ ಉಳಿದದ್ದನ್ನು ಕೊಡುತ್ತದೆ. ಮನೆ ಹಗುರ, ಆದರೂ ಪಾಯದಲ್ಲಿ ಚೌಕಾಸಿ ಇಲ್ಲ: ಅಲ್ಲಿರುವುದು ಎರೆಮಣ್ಣು, ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಮುರುಮ್, ಅಂದರೆ ಕೆಳಗಿನ ಗಟ್ಟಿ ಗೊರಸು ಮಣ್ಣು, ಸಿಗುವ ತನಕ ಇಳಿಯಲೇಬೇಕು.

‘ಏನವಾ, ಗೆದ್ದಲ ಹತ್ತಿ ಪುಡಿ ಆತಂದ್ರ?’ ಇದು ಕಾಕು ಪ್ರಶ್ನೆ. ಪುಣೆಯ ಪೇಠೆಗಳಲ್ಲಿ ಹಳೆಯ ವಾಡಾಗಳನ್ನು, ಅಂದರೆ ನಡುವೆ ಅಂಗಳವಿರುವ ದೊಡ್ಡ ಮನೆಗಳನ್ನು, ನೋಡಿ. ಸಾಗುವಾನಿ ಕಂಬ ಮಣ್ಣು ಮುಟ್ಟುವುದಿಲ್ಲ, ಕಲ್ಲಿನ ಮೇಲೆ ನಿಂತಿರುತ್ತದೆ. ನಾನು ಮಾಡುತ್ತಿರುವುದೂ ಅದೇ. ನೆಲದಿಂದ ಒಂದೂವರೆ ಅಡಿ ಎತ್ತರದ ಕಟ್ಟೆ (ಪ್ಲಿಂತ್), ಅದರ ಮೇಲೆ ತೇವ ಏರದ ಹಾಳೆ, ಆಮೇಲೆ ಔಷಧಿ ಹೊಡೆದ ಪೈನ್ ಪಟ್ಟಿ. ಹೊರಗಿನ ಹಲಗೆಗೂ ಗೋಡೆಗೂ ನಡುವೆ ಒಂದು ಇಂಚು ಸಂದು, ಕೆಳಗೆ ಜಾಳಿಗೆ. ಮಳೆನೀರು ಒಳಗೆ ಬಂದರೂ ಇಳಿದು ಹೋಗುತ್ತದೆ, ಗಾಳಿಗೆ ಆರುತ್ತದೆ. ಗೆದ್ದಲು ಮಣ್ಣಿನ ಸುರಂಗ ಕಟ್ಟಿಕೊಂಡೇ ಮೇಲೇರುವುದು, ಪ್ಲಿಂತ್ ಬೋಳಾಗಿದ್ದರೆ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಕಾಕು ಹೂಕುಂಡಗಳನ್ನು ಗೋಡೆಗೆ ಒತ್ತಿ ಇಡಬಾರದು ಅಂತ ನಕ್ಷೆಯಲ್ಲೇ ಬರೆದಿದ್ದೇನೆ. ಓದುತ್ತಾರೋ ಇಲ್ಲವೋ, ಅದು ಬೇರೆ ಮಾತು.

ಬೆಂಕಿ? ದಪ್ಪ ತೊಲೆ ಹೊರಗೆ ಕರಿಕಾಗುತ್ತ ನಿಧಾನ ಉರಿಯುತ್ತದೆ, ನಿಮಿಷಕ್ಕೆ ಒಂದು ಮಿಲಿಮೀಟರಿಗೂ ಕಡಿಮೆ. ಆದರೆ ನಮ್ಮ ಪ್ಯಾನಲ್ಲಿನ ಸಣ್ಣ ಕಡ್ಡಿಗಳಿಗೆ ಆ ಭರವಸೆ ಇಲ್ಲ. ಹಾಗಾಗಿ ಒಳಗೆ ಜಿಪ್ಸಮ್ ಹಲಗೆ, ಪಕ್ಕದ ಮನೆ ಕಡೆ ಕಿಟಕಿಯಿಲ್ಲದ ಬ್ಲಾಕ್ (ದೊಡ್ಡ ಇಟ್ಟಿಗೆ) ಗೋಡೆ. ಬಚ್ಚಲಿಗೂ ಬ್ಲಾಕ್. ‘ಅರ್ಧ ಇಟ್ಟಂಗಿ, ಅರ್ಧ ಕಟ್ಟಿಗಿ?’ ಅಂತ ಕಾಕಾ ಮುಖ ಸಿಂಡರಿಸಿದರು. ಹೌದ್ರೀ ಅಂದೆ. ಎಲ್ಲಾ ಮರವೇ ಆಗಬೇಕು ಅನ್ನೋದು ಹಟ, ಅಷ್ಟೇ.

‘ಹಸಿರು ಮನೆ’ ಅನ್ನೋ ಹಣೆಪಟ್ಟಿ ನನಗೆ ಅಷ್ಟು ಹಿಡಿಸಲ್ಲ. ಒಂದು ಘನ ಮೀಟರ್ ಮರ ಸುಮಾರು 0.9 ಟನ್ ಕಾರ್ಬನ್ ಡೈಆಕ್ಸೈಡ್ ಹಿಡಿದಿಡುತ್ತದೆ, ಸರಿ. ಆದರೆ ಪೈನ್ ಹಡಗಿನಲ್ಲಿ ಗುಜರಾತಿನ ಕಾಂಡ್ಲಾ ಬಂದರಿಗೆ ಬಂದು, ಅಲ್ಲಿಂದ ಲಾರಿಯಲ್ಲಿ ಪುಣೆಗೆ ಬರಬೇಕು. ಹತ್ತೇ ವರ್ಷಕ್ಕೆ ಕೊಳೆತರೆ ಲೆಕ್ಕವೆಲ್ಲ ಹೊಳೆಗೆ. ಕಾಂಕ್ರೀಟಿಗಿಂತ ಅಗ್ಗ ಅಂತಲೂ ಆಸೆ ತೋರಿಸಿಲ್ಲ. ಕೇಂದ್ರ ಲೋಕೋಪಯೋಗಿ ಇಲಾಖೆ 1993ರಲ್ಲಿ ತನ್ನ ಕಟ್ಟಡಗಳಲ್ಲಿ ಮರ ಬೇಡವೆಂದಿತ್ತು, ಆ ನಿಷೇಧ ಹೋಗಿದ್ದು 2020ರಲ್ಲಿ. ಹೀಗಿರುವಾಗ ಮರದ ಮನೆ ಕಟ್ಟುವ ಬಡಗಿಗಳು ಸುಮ್ನೆ ಸಿಗ್ತಾರಾ? ಸಿಗುವವರು ಜಾಸ್ತಿ ಕೇಳ್ತಾರೆ. ನಮಗೆ ಉಳಿಯುವುದು ಸಮಯ, ಮತ್ತೆ ಗಲ್ಲಿಯಲ್ಲಿ ತಿಂಗಳುಗಟ್ಟಲೆ ಮರಳು-ಜಲ್ಲಿ ರಾಶಿ ಇಲ್ಲದಿರುವುದು.

ಮೇ ಮುಗಿಯುವಷ್ಟರಲ್ಲಿ ಛಾವಣಿ ಕೂರದಿದ್ದರೆ ಪ್ಯಾನಲ್ ತರಿಸುವುದೇ ಇಲ್ಲ, ಜೋಡಣೆ ದೀಪಾವಳಿ ಆದ ಮೇಲೆ ಅಂತ ಇಬ್ಬರಿಗೂ ಹೇಳಿಟ್ಟಿದ್ದೇನೆ.