ಮಂಚದ ಕೆಳಗಿನ ಇಟ್ಟಿಗೆಗಳು

ರಾತ್ರಿ 2 ಗಂಟೆ. ಮತ್ತೆ ಎದೆ ಉರಿ, ಗಂಟಲಿಗೆ ಹುಳಿ ನೀರು. ಎದ್ದು ಕೂತಿದ್ದೇನೆ. ಬಳ್ಳಾರಿಯ ಸೆಕೆಗೆ ಫ್ಯಾನ್ ಕೂಡ ಬಿಸಿ ಗಾಳಿಯನ್ನೇ ಬೀಸುತ್ತಿದೆ.

ಸಂಜೆ ಮಂಡಕ್ಕಿ ಒಗ್ಗರಣೆ, ಜೊತೆಗೆ ಮೂರು ಮಿರ್ಚಿ. ಹತ್ತೂವರೆಗೆ ಊಟ, ಹನ್ನೊಂದಕ್ಕೆ ಹಾಸಿಗೆ. ಊಟಕ್ಕೂ ಮಲಗೋದಕ್ಕೂ 3 ಗಂಟೆಯಾದರೂ ಅಂತರ ಇರಲಿ ಅಂತ ಡಾಕ್ಟರ್ ಹೇಳಿದ್ದರು. ನಾನು ಪಾಲಿಸಲಿಲ್ಲ.

ಅನ್ನನಾಳ ಹೊಟ್ಟೆಗೆ ಸೇರುವ ಕಡೆ ಒಂದು ಸ್ನಾಯು ಬಾಯಿ ಬಿಗಿದು ಹಿಡಿದಿರುತ್ತದೆ. ಅದು ಸಡಿಲವಾದರೆ ಆಮ್ಲ ಮೇಲೆ ಬರುತ್ತದೆ. ಕೂತಾಗ, ನಿಂತಾಗ ಬೇಗ ಕೆಳಗಿಳಿಯುತ್ತದೆ. ಚಪ್ಪಟೆ ಮಲಗಿದರೆ ಅಲ್ಲೇ ನಿಂತು ಸುಡುತ್ತದೆ. ಮೊದಲು ಮೂರು ದಿಂಬು ಪೇರಿಸಿಕೊಳ್ಳುತ್ತಿದ್ದೆ. ಕುತ್ತಿಗೆ ನೋವು ಬಂತು, ಉರಿ ಹೋಗಲಿಲ್ಲ. ಹಾಗೆ ಮಲಗಿದರೆ ಮೈ ಮಡಚಿ ಹೊಟ್ಟೆ ಇನ್ನೂ ಜಾಸ್ತಿ ಒತ್ತುತ್ತದೆ. ಎಪ್ಪತ್ತು ದಾಟಿದ ಅಪ್ಪ ಒಂದು ದಿನ ಅಂಗಳದ ಇಟ್ಟಿಗೆ ತಂದು, ಮಂಚದ ತಲೆಕಡೆ ಕಾಲುಗಳ ಕೆಳಗೆ ಎರಡೆರಡು ಇಟ್ಟರು. ಸುಮಾರು 6 ಇಂಚು ಎತ್ತರ. ಅವತ್ತಿನಿಂದ ಎಷ್ಟೋ ರಾತ್ರಿ ನೆಮ್ಮದಿಯ ನಿದ್ದೆ ಸಿಕ್ಕಿದೆ. ಎಡ ಮಗ್ಗುಲಿಗೆ ಮಲಗುವುದೂ ಒಳ್ಳೆಯದು, ಆಗ ಹೊಟ್ಟೆ ಅನ್ನನಾಳಕ್ಕಿಂತ ಕೆಳಗಿರುತ್ತದೆ.

ಆದರೆ ಎದೆ ನೋವು ತೋಳಿಗೋ ದವಡೆಗೋ ಹರಿದರೆ, ಬೆವರು ಬಿಟ್ಟರೆ, ಗ್ಯಾಸ್ ಅಂತ ಸುಮ್ನೆ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಹಗಲೆಲ್ಲ ಹೊಟ್ಟೆಯ ನೆನಪೇ ಇರುವುದಿಲ್ಲ, ಅಲ್ವಾ? ಈ ಹೊತ್ತಿನಲ್ಲಿ ನಮ್ಮೂರಲ್ಲಿ ಇನ್ನೂ ಎಷ್ಟು ಜನ ಹೀಗೆ ಗೋಡೆಗೆ ಒರಗಿ ಕೂತಿರಬಹುದು.

ಪಕ್ಕದ ಕೋಣೆಯಿಂದ ಅವ್ವ ಕೇಳುತ್ತಿದ್ದಾಳೆ, "ಇನ್ನೂ ಮಲಗಿಲ್ಲೇನಪ್ಪಾ?"