ಹೋಗುವಾಗ ಇಳಿಜಾರು, ಬರುವಾಗ ಏರು

ಮೈಸೂರಿನಿಂದ ಮಂಡ್ಯಕ್ಕೆ ಹೋಗಿ ಬಂದರೆ ಹೆಚ್ಚುಕಮ್ಮಿ 90 ಕಿಲೋಮೀಟರ್. ಹಳ್ಳಿ ಶಾಲೆಯ ಕೊಠಡಿಗೋ, ಡಯಾಲಿಸಿಸ್ ರೋಗಿಗಳ ಖರ್ಚಿಗೋ ಹಣ ಕೂಡಿಸುವ ಸೈಕಲ್ ಸವಾರಿಗೆ ಹುಮ್ಮಸ್ಸಿನಲ್ಲಿ ಹೆಸರು ಕೊಟ್ಟವರು ದೂರಕ್ಕಿಂತ ಮೊದಲು ನೆಲದ ಏರಿಳಿತ ನೋಡಬೇಕು. ಮೈಸೂರು ಇರುವುದು ಸಮುದ್ರಮಟ್ಟದಿಂದ ಸುಮಾರು 765 ಮೀಟರ್ ಎತ್ತರದಲ್ಲಿ. ಶ್ರೀರಂಗಪಟ್ಟಣ, ಮಂಡ್ಯ ಎರಡೂ 680ರ ಆಸುಪಾಸು. ಅಂದರೆ ಕಾವೇರಿ ಮುಟ್ಟುವ ಮೊದಲ 15 ಕಿಲೋಮೀಟರಿನಲ್ಲೇ 80 ಮೀಟರಿನಷ್ಟು ಇಳಿದುಬಿಟ್ಟಿರುತ್ತೀರಿ. ಬೆಳಗಿನ ತಂಪು, ಜೊತೆಗಾರರ ಕೇಕೆ, ಕಾಲಲ್ಲಿ ಇನ್ನೂ ಖರ್ಚಾಗದ ಕಸುವು. ಗಂಟೆಗೆ 28ರ ವೇಗದಲ್ಲಿ ಸಾಗುತ್ತಾ ‘ಅಯ್ಯೋ, ಇಷ್ಟೇನಾ’ ಅನ್ನಿಸುತ್ತದೆ. ಆ 80 ಮೀಟರ್ ಸಾಲವನ್ನು ತೀರಿಸಬೇಕಾದ್ದು ಹನ್ನೊಂದರ ಬಿಸಿಲಲ್ಲಿ, 75 ಕಿಲೋಮೀಟರ್ ತುಳಿದಾದ ಮೇಲೆ.

ತಯಾರಿ ಕಡಿಮೆ ಇದ್ದವರು ಚಿಂತೆ ಮಾಡುವುದೆಲ್ಲ ಕಾಲಿನ ಬಗ್ಗೆ. ಕಾಲು ಸೋಲುವುದು ಕಡೆಗೆ. ಅದಕ್ಕೂ ಮುಂಚೆ ಕುಂಡಿ ಸೋಲುತ್ತದೆ, ಆಮೇಲೆ ಅಂಗೈ, ಕುತ್ತಿಗೆ, ಹೊಟ್ಟೆ. ಆರು ವಾರದಲ್ಲಿ ಕಾಲಿನ ಬಲ ದೊಡ್ಡದಾಗಿ ಬೆಳೆಯುವುದಿಲ್ಲ, ಆದರೆ ಉಳಿದ ಈ ನಾಲ್ಕನ್ನೂ ಅಷ್ಟರಲ್ಲಿ ಪಳಗಿಸಬಹುದು.

ಆರು ವಾರದ ಲೆಕ್ಕ ಸರಳ. ವಾರದ ಮಧ್ಯದಲ್ಲಿ ಎರಡು ದಿನ ಮುಕ್ಕಾಲು ಗಂಟೆ, ಭಾನುವಾರ ಒಂದು ಉದ್ದ ಸವಾರಿ: 20, 30, 42, 50, 70, ಕೊನೆಯ ವಾರ ಬರೀ 15. 42 ಯಾಕೆಂದರೆ ಮೈಸೂರಿನ ಹೊರ ವರ್ತುಲ ರಸ್ತೆಯ ಒಂದು ಸುತ್ತು ಅಷ್ಟೇ ಬರುತ್ತದೆ. ಎಲ್ಲಿ ಸುಸ್ತಾದರೂ ಅಲ್ಲಿಂದ ಊರೊಳಗೆ ತಿರುಗಿಕೊಂಡರೆ ಆಯಿತು. 50ಕ್ಕೆ ಕೆ.ಆರ್.ಎಸ್, ಶ್ರೀರಂಗಪಟ್ಟಣ ಮುಟ್ಟಿಕೊಂಡು ಬರುವ ಸುತ್ತು. 70ಕ್ಕೆ ಬನ್ನೂರಿನ ಮೇಲೆ ಸೋಮನಾಥಪುರಕ್ಕೆ ಹೋಗಿ ಬನ್ನಿ. 70 ತುಳಿದವರು 90 ತುಳಿಯುತ್ತಾರೆ. ತಪ್ಪಿದ ವಾರಗಳನ್ನೆಲ್ಲ ಕೊನೆಯ ವಾರಕ್ಕೆ ತುರುಕುವುದು ಮಾತ್ರ ಬೇಡ. ಆ ದಣಿವು ಇಳಿಯುವಷ್ಟರಲ್ಲಿ ಸವಾರಿಯ ದಿನ ಬಂದಿರುತ್ತದೆ. ಇನ್ನು, ಮೈಸೂರಿನವರಿಗೆ ಅಭ್ಯಾಸ ಅಂದ ಕೂಡಲೇ ಚಾಮುಂಡಿ ಬೆಟ್ಟ ನೆನಪಾಗುತ್ತದೆ. ಗೇರು ಕಲಿಯಲು ಒಂದು ಸಲ ಹತ್ತಿ, ಸಾಕು. ಹೊಸಬರು ವಾರಕ್ಕೆ ಮೂರು ಸಲ ಬೆಟ್ಟ ಹತ್ತಿ ಗಳಿಸುವುದು ಮಂಡಿನೋವು. ಮಂಡ್ಯದ ರಸ್ತೆಗೆ ಬೇಕಿರುವುದು ಐದು ಗಂಟೆ ಸೀಟಿನ ಮೇಲೆ ಕೂರುವ ತಾಳ್ಮೆ.

ಆ ಸೀಟಿನ ಕೆಲಸ ಮೊದಲ ವಾರವೇ ಆಗಬೇಕು. ಅವತ್ತು ಹಾಕುವ ಶೂ ಹಾಕಿಕೊಂಡು, ಗೋಡೆಗೆ ಕೈಕೊಟ್ಟು ಸೈಕಲ್ ಮೇಲೆ ಕೂತು, ಪೆಡಲನ್ನು ಪೂರ್ತಿ ಕೆಳಗೆ ತಂದು ಹಿಮ್ಮಡಿ ಅದರ ಮೇಲಿಡಿ. ಮಂಡಿ ನೆಟ್ಟಗಾಗಬೇಕು, ಸೊಂಟ ಪಕ್ಕಕ್ಕೆ ವಾಲಬಾರದು. ಎತ್ತರ ಹೀಗೆ ಹೊಂದಿದರೆ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿಯಲ್ಲಿ 25ರಿಂದ 35 ಡಿಗ್ರಿ ಬಾಗು ಉಳಿಯುತ್ತದೆ. ನಮ್ಮ ಕಡೆ ಸೀಟು ಸಾಮಾನ್ಯವಾಗಿ ತಗ್ಗು. ಕೂತಲ್ಲಿಂದಲೇ ಎರಡೂ ಕಾಲು ನೆಲಕ್ಕೆ ಎಟುಕಬೇಕು ಅನ್ನುವುದು ಚಿಕ್ಕಂದಿನ ಅಭ್ಯಾಸ. ಹಾಲಿನ ಬೂತಿಗೆ ಹೋಗಿಬರಲು ಅಡ್ಡಿಯಿಲ್ಲ, 40 ಕಿಲೋಮೀಟರ್ ದಾಟಿದರೆ ಮಂಡಿಚಿಪ್ಪಿನ ಸುತ್ತ ಚುಚ್ಚತೊಡಗುತ್ತದೆ. ಮಂಡಿಯ ಮುಂದೆ ನೋವು ಬಂದರೆ ಸೀಟು ತಗ್ಗಾಗಿದೆ, ಹಿಂದೆ ಬಂದರೆ ಎತ್ತರವಾಗಿದೆ. ಬಹಳ ಸಲ ಕಾರಣ ಇದೇ. ಒಂದು ಸಲಕ್ಕೆ 5 ಮಿಲಿಮೀಟರಿಗಿಂತ ಹೆಚ್ಚು ಬದಲಿಸಬೇಡಿ. ಸೀಟಿನ ಕೊಳವೆಯ ಮೇಲೆ ಕೆತ್ತಿರುವ ಮಿತಿಗೆರೆ ಹೊರಗೆ ಕಾಣಬಾರದು. ಸರಿಹೋದ ಮೇಲೆ ಅಲ್ಲೊಂದು ಸುತ್ತು ಇನ್ಸುಲೇಷನ್ ಟೇಪ್ ಸುತ್ತಿ, ಯಾಕೆಂದರೆ ಸರ್ವಿಸಿಗೆ ಬಿಟ್ಟ ಸೈಕಲ್ ವಾಪಸ್ ಬರುವಾಗ ಸೀಟು ತಾನಿದ್ದ ಜಾಗದಲ್ಲಿ ಇರುವುದಿಲ್ಲ.

ಸೀಟಿನ ಮೂತಿ ಕೆಳಗೆ ಬಾಗಿದ್ದರೆ ಮೈಭಾರವೆಲ್ಲ ಜಾರಿ ಅಂಗೈಗೆ ಬರುತ್ತದೆ. ಉಂಗುರದ ಬೆರಳು, ಕಿರುಬೆರಳು ಜೋಮು ಹಿಡಿಯುತ್ತವೆ. ಮೂತಿ ಮೇಲೆದ್ದಿದ್ದರೆ ಜೋಮು ಹಿಡಿಯುವ ಜಾಗವೇ ಬೇರೆ. ಮಟ್ಟವಾಗಿಡಿ. ಜೆಲ್ ತುಂಬಿದ ಸೀಟ್ ಕವರ್ ಅಂಗಡಿಯಲ್ಲಿ ಒತ್ತಿ ನೋಡಿದಾಗ ಹಿತವೆನಿಸುತ್ತದೆ, ರಸ್ತೆಯಲ್ಲಿ ಅದು ಅತ್ತಿತ್ತ ಜರುಗಿ ತೊಡೆಸಂದು ಉಜ್ಜುತ್ತದೆ. ಆ ದುಡ್ಡಿಗೆ ಪ್ಯಾಡ್ ಇರುವ ಸೈಕಲ್ ಚಡ್ಡಿ ಕೊಳ್ಳಿ. ಅದರ ಒಳಗೆ ಇನ್ನೊಂದು ಒಳಚಡ್ಡಿ ಹಾಕಬಾರದು. ಹೊಸಬರೆಲ್ಲ ಹಾಕುತ್ತಾರೆ, ಹೊಲಿಗೆಯ ಗೆರೆ ಚರ್ಮದ ಮೇಲೆ ಮೂಡಿಸಿಕೊಂಡು ಬರುತ್ತಾರೆ. ತೊಡೆಸಂದಿಗೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿಕೊಳ್ಳಿ. ಪ್ರತಿ 15 ನಿಮಿಷಕ್ಕೊಮ್ಮೆ ಎದ್ದು ನಿಂತು ಹತ್ತು ಹದಿನೈದು ಸಲ ತುಳಿಯುವುದು ಇದೆಲ್ಲದಕ್ಕಿಂತ ಒಳ್ಳೆಯ ಮದ್ದು.

ಸೈಕಲ್ ದುಬಾರಿ ಇರಬೇಕಿಲ್ಲ, ಗೇರು ಬೀಳಬೇಕು, ಬ್ರೇಕ್ ಹಿಡಿಯಬೇಕು. ಚೈನು ಸವೆದಿದೆಯೋ ಇಲ್ಲವೋ ಎಂದು ಸ್ಕೇಲು ಹಿಡಿದೇ ತಿಳಿಯಬಹುದು. ಹೊಸ ಚೈನಿನಲ್ಲಿ 24 ಕೊಂಡಿಗಳ ಉದ್ದ ಸರಿಯಾಗಿ 12 ಇಂಚು. ಇಂಚಿನ ಹದಿನಾರನೇ ಒಂದು ಭಾಗ ಉದ್ದವಾಗಿದ್ದರೆ ಬದಲಿಸುವ ಹೊತ್ತು. ಬದಲಿಸುವುದಾದರೆ ಎರಡು ವಾರ ಮೊದಲೇ ಬದಲಿಸಿ. ಹಿಂದಿನ ಹಲ್ಲುಚಕ್ರವೂ ಸವೆದಿದ್ದರೆ ಹೊಸ ಚೈನು ಅದರ ಮೇಲೆ ಜಾರುತ್ತದೆ, ಅದು ಗೊತ್ತಾಗುವುದು ಏರಿನಲ್ಲಿ ಒತ್ತಿ ತುಳಿದಾಗಲೇ. ಎಣ್ಣೆ ಕೊಂಡಿಗೊಂದು ಹನಿ, ಹತ್ತು ನಿಮಿಷ ಬಿಟ್ಟು ಹೊರಗಿನದನ್ನು ಬಟ್ಟೆಯಿಂದ ಒರೆಸಬೇಕು. ಒರೆಸದೆ ಬಿಟ್ಟ ಎಣ್ಣೆ ಧೂಳು ಹಿಡಿದು ಸಾಣೆಕಲ್ಲಿನ ಕೆಲಸ ಮಾಡುತ್ತದೆ.

ಗಾಳಿ ವಿಷಯ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವುದು ಗರಿಷ್ಠ ಮಿತಿ, ಅಷ್ಟು ತುಂಬಿಸಬೇಕೆಂದಲ್ಲ. 70–75 ಕಿಲೋ ತೂಗುವವರಿಗೆ 28 ಮಿಲಿಮೀಟರ್ ಟೈರಾದರೆ 70–80 ಪಿಎಸ್‌ಐ, 32 ಆದರೆ 55–65, ದಪ್ಪ ಎಂಟಿಬಿ (ಮೌಂಟನ್ ಬೈಕ್) ಟೈರಾದರೆ 35–40 ಸಾಕು. ಮುಂದಿನ ಚಕ್ರಕ್ಕೆ 5 ಕಡಿಮೆ. ತೆಳು ಪ್ರೆಸ್ಟಾ ವಾಲ್ವ್ ಇದ್ದರೆ ಪೆಟ್ರೋಲ್ ಬಂಕಿನ ಗಾಳಿ ಅದಕ್ಕೆ ಕೂರುವುದಿಲ್ಲ, ಹಿತ್ತಾಳೆಯ ಪುಟ್ಟ ಅಡಾಪ್ಟರ್ ಒಂದನ್ನು ಚೀಲದಲ್ಲಿ ಇಟ್ಟುಕೊಂಡಿರಿ.

ಪಂಕ್ಚರ್ ಆಗಿಯೇ ಆಗುತ್ತದೆ ಎಂದುಕೊಂಡು ಹೊರಡಿ. ಈ ರಸ್ತೆಯಲ್ಲಿ ಜಾಲಿ ಮುಳ್ಳಿಗಿಂತ ಲಾರಿ ಟೈರಿನ ತಂತಿ ಕೆಟ್ಟದ್ದು. ಒಡೆದ ರೇಡಿಯಲ್ ಟೈರುಗಳಿಂದ ಉದುರಿದ ಕೂದಲೆಳೆಯಂಥ ಉಕ್ಕಿನ ತಂತಿ ರಸ್ತೆಯಂಚಿನಲ್ಲಿ ಬಿದ್ದಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಟ್ಯೂಬು ಬದಲಿಸಿ ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಮತ್ತೆ ಗಾಳಿ ಹೋದರೆ ತಂತಿ ಇನ್ನೂ ಟೈರಿನಲ್ಲೇ ಇದೆ ಎಂದರ್ಥ. ಹೊಸ ಟ್ಯೂಬು ಹಾಕುವ ಮುನ್ನ ಟೈರಿನ ಒಳಗೆ ಬಟ್ಟೆಯ ಚೂರನ್ನು ಸುತ್ತಲೂ ಎಳೆಯಿರಿ, ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಕಳ್ಳ ಇದ್ದಾನೆ. ಬರಿ ಬೆರಳು ಆಡಿಸಿದರೆ ಬೆರಳಿಗೂ ಪಂಕ್ಚರ್. ಹಳೆ ಟ್ಯೂಬಿನ ತೂತೂ ಕಥೆ ಹೇಳುತ್ತದೆ: ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡಿದ್ದರೆ ಗಾಳಿ ಕಡಿಮೆಯಿದ್ದು ಗುಂಡಿಗೆ ಹೊಡೆದಿದೆ; ರಿಮ್ಮಿನ ಕಡೆ ಇದ್ದರೆ ಕಡ್ಡಿಯ ತಲೆ ಮುಚ್ಚುವ ಪಟ್ಟಿ ಸರಿದಿದೆ. ಹಿಂದಿನ ಚಕ್ರ ಬಿಚ್ಚುವ ಮೊದಲು ಚೈನನ್ನು ಅತಿ ಸಣ್ಣ ಹಲ್ಲುಚಕ್ರಕ್ಕೆ ಇಳಿಸಿ. ಟ್ಯೂಬಿಗೆ ಚೂರು ಗಾಳಿ ಊದಿ ಆಕಾರ ಬಂದ ಮೇಲೆ ಕೂರಿಸಿ, ಟೈರಿನ ಅಂಚನ್ನು ಒಳಕ್ಕೆ ತಳ್ಳುತ್ತಾ ಬಂದು ವಾಲ್ವಿನ ಹತ್ತಿರ ಮುಗಿಸಿ. ಮನೆಯಲ್ಲಿ ಎರಡು ಸಲ ಹಿಂಚಕ್ರ ಬಿಚ್ಚಿ ಹಾಕಿದವರಿಗೆ ರಸ್ತೆಯಲ್ಲಿ ಹದಿನೈದು ನಿಮಿಷ ಸಾಕು. ಎರಡು ಟ್ಯೂಬು, ಮೂರು ಟೈರ್ ಲಿವರ್, ಪ್ಯಾಚು, ಪಂಪು, ಅಲೆನ್ ಕೀ ಗೊಂಚಲು, ಚೈನಿನ ಜೋಡುಕೊಂಡಿ: ಇಷ್ಟೂ ಸೀಟಿನ ಕೆಳಗಿನ ಚೀಲ ಮತ್ತು ಜೇಬಿನಲ್ಲಿ ಹಿಡಿಯುತ್ತದೆ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರಿನ ಜೊತೆ ಸೈಕಲಿಗೂ ಪ್ರವೇಶವಿಲ್ಲ. ನಿಮ್ಮ ಪಾಲಿಗೆ ಉಳಿದದ್ದು ಸರ್ವಿಸ್ ರಸ್ತೆ, ಊರೊಳಗಿನ ಹಳೆ ರಸ್ತೆ. ಅಲ್ಲಿ ಎದುರಿನಿಂದ ಟ್ರ್ಯಾಕ್ಟರು ಬರಬಹುದು, ಅಂಡರ್‌ಪಾಸಿನ ಬಾಯಲ್ಲಿ ಆಟೊ ನುಗ್ಗಬಹುದು. ಕಬ್ಬಿನ ಗಾಡಿಯ ಹಿಂದೆ ಅಂಟಿಕೊಂಡು ಹೋಗಬೇಡಿ, ಜಲ್ಲೆ ಜಾರಿ ಬೀಳುತ್ತದೆ, ಬಿದ್ದ ಜಲ್ಲೆ ಉರುಳುತ್ತದೆ. ಸುಗ್ಗಿಯಲ್ಲಿ ರಸ್ತೆ ಮೇಲೆಯೇ ಒಕ್ಕಣೆಗೆ ಹುರುಳಿ ಹರಡಿರುತ್ತಾರೆ. ಅದರ ಮೇಲೆ ತುಳಿಯುತ್ತಾ ಹೋದರೆ ಬಳ್ಳಿ ಡೀರೇಲರಿಗೆ (ಹಿಂಚಕ್ರದ ಬಳಿ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಸುತ್ತಿಕೊಂಡು, ಅದನ್ನು ಎಳೆದು ಕಡ್ಡಿಗೆ ಸಿಕ್ಕಿಸುತ್ತದೆ. ಇಳಿದು ಸೈಕಲ್ ಎತ್ತಿಕೊಂಡೇ ದಾಟಿ. ಗುಂಪಿನಲ್ಲಿ ಹೋಗುವಾಗ ಮುಂದಿನವರ ಹಿಂಚಕ್ರದ ಪಕ್ಕಕ್ಕೆ ನಿಮ್ಮ ಮುಂಚಕ್ರ ನುಸುಳಬಾರದು. ಅವರು ಗುಂಡಿ ತಪ್ಪಿಸಲು ಗೇಣುದ್ದ ವಾಲಿದರೂ ಬೀಳುವವರು ನೀವು. ಮಾಗಿಯಲ್ಲಿ ಗದ್ದೆ ಬಯಲಿನ ಮಂಜು ಏಳಕ್ಕೂ ಕರಗಿರುವುದಿಲ್ಲ, ಹಿಂದಿನ ಕೆಂಪು ದೀಪ ಬೆಳಗಾದ ಮೇಲೂ ಉರಿಯುತ್ತಿರಲಿ.

ಹೊಟ್ಟೆಗೆ ಹೊಸದೇನೂ ಬೇಡ. ಹಿಂದಿನ ರಾತ್ರಿ ಅನ್ನ ಸಾರೋ ಮುದ್ದೆಯೋ, ದಿನಾ ಉಣ್ಣುವುದೇ. ಹೊರಡುವ ಒಂದೂವರೆ ಗಂಟೆ ಮುಂಚೆ ನಾಲ್ಕು ಇಡ್ಲಿ. ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು: ಎರಡು ಏಲಕ್ಕಿ ಬಾಳೆಹಣ್ಣು, ಒಂದು ಕಡ್ಲೆಮಿಠಾಯಿ, ನಡುವೆ ಒಂದು ಚೂರು ಬೆಲ್ಲ. ಹಸಿವಾಗುವವರೆಗೆ ಕಾಯಬೇಡಿ, ಹಸಿವು ಗೊತ್ತಾದ ಮೇಲೆ ತಿಂದದ್ದು ಕಾಲಿಗಿಳಿಯುವ ಹೊತ್ತಿಗೆ ನೀವು ಮರದ ನೆರಳಲ್ಲಿ ಕೂತಿರುತ್ತೀರಿ. ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್. ಒಂದು ಬಾಟಲಿ ಬರೀ ನೀರು, ಇನ್ನೊಂದು ಓಆರ್‌ಎಸ್. ದೊಡ್ಡ ಪೊಟ್ಟಣ ಒಂದು ಲೀಟರಿನ ಲೆಕ್ಕ. ಅದನ್ನು ಅರ್ಧ ಲೀಟರ್ ಬಾಟಲಿಗೆ ಸುರಿದರೆ ಉಪ್ಪು ಹೆಚ್ಚಾಗಿ ವಾಕರಿಕೆ ಬರುತ್ತದೆ, ಬಾಯಾರಿಕೆಯೂ ಹೆಚ್ಚುತ್ತದೆ. ಬೆವರು ಸುರಿಯುವಾಗ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯುವುದೂ ಅಪಾಯ, ರಕ್ತದಲ್ಲಿ ಸೋಡಿಯಂ ತಗ್ಗುತ್ತದೆ. ಮಂಡ್ಯದಲ್ಲಿ ಮದ್ದೂರು ವಡೆಯ ವಾಸನೆ ಹಿಡಿದು ನಿಲ್ಲಿಸುತ್ತದೆ. ಕಟ್ಟಿಸಿಕೊಳ್ಳಿ, ಮನೆಗೆ ಬಂದು ತಿನ್ನಿ. ಎಣ್ಣೆಯ ತಿಂಡಿ ಹೊಟ್ಟೆಯಲ್ಲಿ ಕರಗುವುದು ನಿಧಾನ, ನಿಮ್ಮ ಮುಂದಿರುವುದು ಇನ್ನೂ 45 ಕಿಲೋಮೀಟರ್.

ವೇಗದ ಮಾತು ಇಷ್ಟೇ. ಸಿದ್ದಲಿಂಗಪುರದ ಇಳಿಜಾರಿನಲ್ಲಿ ಪಕ್ಕದವರ ಜೊತೆ ಪೂರಾ ಒಂದು ವಾಕ್ಯ ಆಡಲು ಉಸಿರಿಲ್ಲದಿದ್ದರೆ ನೀವು ಆಗಲೇ ತಪ್ಪು ಮಾಡಿದ್ದೀರಿ. ಬಲಗಾಲು 30 ಸೆಕೆಂಡಿಗೆ 40 ಸಲ ಕೆಳಗೆ ಬರುವಷ್ಟು ಹಗುರ ಗೇರು ಇರಲಿ. ದಪ್ಪ ಗೇರಿನಲ್ಲಿ ಒತ್ತಿ ತುಳಿದರೆ ಭಾರವೆಲ್ಲ ಮಂಡಿಗೆ, ಹಗುರ ಗೇರಿನಲ್ಲಿ ಬೇಗ ತುಳಿದರೆ ಉಸಿರಿಗೆ; ಉಸಿರು ಐದು ನಿಮಿಷಕ್ಕೆ ಸುಧಾರಿಸುತ್ತದೆ, ಮಂಡಿ ಐದು ದಿನಕ್ಕೂ ಸುಧಾರಿಸುವುದಿಲ್ಲ. ಗಂಟೆಗೆ 18 ಹೋದರೆ ಐದು ಗಂಟೆ ತುಳಿತ, ಒಂದು ಗಂಟೆ ನಿಲುಗಡೆ. ಆರಕ್ಕೆ ಹೊರಟವರು ಹನ್ನೆರಡಕ್ಕೆ ಮನೆ. ಗಾಳಿಯ ದಿಕ್ಕೂ ನೋಡಿ. ಡಿಸೆಂಬರಿನಿಂದ ಫೆಬ್ರವರಿವರೆಗೆ ಮೂಡಣ ಗಾಳಿ, ಹೋಗುವಾಗ ಎದುರು, ಬರುವಾಗ ಬೆನ್ನಿಗೆ. ಹೊಸಬರಿಗೆ ಇದೇ ಒಳ್ಳೆಯ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ. ಅದು ನಿಮ್ಮನ್ನು ನಗುನಗುತ್ತಾ ಮಂಡ್ಯಕ್ಕೆ ತಳ್ಳಿ, ವಾಪಸ್ ಏರಿನಲ್ಲಿ ಎದೆಗೆ ಕೈಯೊಡ್ಡಿ ನಿಲ್ಲುತ್ತದೆ.

ಬರುವಾಗ ಹೊಳೆ ದಾಟುವ ಮುಂಚೆ ಕಿರಂಗೂರಿನ ಬಳಿ ಹತ್ತು ನಿಮಿಷ ನಿಲ್ಲಿ. ಎರಡು ಬಾಳೆಹಣ್ಣು, ಅರ್ಧ ಬಾಟಲಿ ಓಆರ್‌ಎಸ್, ತಲೆಗೆ ಒಂದಿಷ್ಟು ನೀರು. ಮೀನಖಂಡ ಹಿಡಿದುಕೊಂಡರೆ ಕಾಲು ಚಾಚಿ ಪಾದವನ್ನು ಮೈಕಡೆಗೆ ಎಳೆದು ಅರ್ಧ ನಿಮಿಷ ಹಿಡಿಯಿರಿ. ಮುಂದಿನ ಏರು ಕಣ್ಣಿಗೆ ಕಾಣುವಂಥದ್ದಲ್ಲ, ರಸ್ತೆ ಸಪಾಟಾಗಿದ್ದಂತೆಯೇ ತೋರುತ್ತದೆ, ಸೈಕಲ್ ಮಾತ್ರ ಮುಂದೆ ಹೋಗುವುದಿಲ್ಲ. ಬ್ರೇಕ್ ಹಿಡಿದುಕೊಂಡಿದೆಯೇನೋ ಎಂದು ಇಳಿದು ನೋಡುವವರೂ ಇದ್ದಾರೆ. ಎರಡು ಗೇರು ಇಳಿಸಿ, 14ರ ವೇಗಕ್ಕೆ ಒಪ್ಪಿಕೊಳ್ಳಿ.

ಒಪ್ಪಿಕೊಳ್ಳಲು ಬಿಡದಿರುವುದು ಒಮ್ಮೊಮ್ಮೆ ದೇಣಿಗೆಯ ಕರಾರು. ‘ಕಿಲೋಮೀಟರಿಗೆ ಇಷ್ಟು’ ಎಂದು ಹಣ ಕೇಳಿದ್ದರೆ, ಮಂಡಿ ಚುಚ್ಚಿದರೂ ಉಳಿದ ಹದಿನೈದನ್ನು ತುಳಿದೇ ತೀರಬೇಕೆಂಬ ಹಟ ಹುಟ್ಟುತ್ತದೆ. ತಯಾರಿ ಕಡಿಮೆ ಇರುವವರು ಇಡಿಗಂಟಾಗಿ ಕೇಳುವುದೇ ಮೇಲು. ಹಣ ನಿಮ್ಮ ಫೋನಿನ ಯುಪಿಐಗೆ ಬೇಡ, ನೇರ ಟ್ರಸ್ಟಿನ ಖಾತೆಗೆ ಹೋಗಲಿ, ರಸೀದಿ ಅವರೇ ಕೊಡಲಿ. ದೇಣಿಗೆಗೆ ಸಿಗುವ ತೆರಿಗೆ ರಿಯಾಯಿತಿ ಹಳೆ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ, ಅದೂ 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಸಿಗುವುದಿಲ್ಲ ಎಂಬುದನ್ನು ಕೊಡುವವರಿಗೆ ಮೊದಲೇ ಹೇಳಿ. ಇಡಿಗಂಟಾಗಿ ಕೇಳಿದ್ದರೆ, ಶ್ರೀರಂಗಪಟ್ಟಣದಲ್ಲಿ ಬೆಂಬಲದ ವ್ಯಾನು ಪಕ್ಕಕ್ಕೆ ಬಂದು ನಿಂತಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಸುಸ್ತೋ, ನೋವೋ? ಸುಸ್ತಾದರೆ ನೀರು ಕುಡಿದು ತುಳಿಯಿರಿ. ತುಳಿದಷ್ಟೂ ಒಂದೇ ಜಾಗದಲ್ಲಿ ಹೆಚ್ಚುತ್ತಿರುವ ನೋವಾದರೆ ಮುಂದಿನ ಚಕ್ರ ಬಿಚ್ಚಿ ಸೈಕಲನ್ನು ವ್ಯಾನಿನಲ್ಲಿ ಮಲಗಿಸಿ. ಡೀರೇಲರ್ ಇರುವ ಬಲಮಗ್ಗುಲು ಮೇಲಿರಲಿ, ಅದರ ಮೇಲೆ ಬೇರೆಯವರ ಸೈಕಲ್ ಹೇರಲು ಬಿಡಬೇಡಿ.