ಮಾರುತಿ 800: ಪಂಪ್ ಬದಲಿಸುವ ಮುಂಚೆ ಪೈಪು ನೋಡಿ

ಕಾರ್ಬುರೇಟರ್ (ಗಾಳಿಗೆ ಪೆಟ್ರೋಲು ಬೆರೆಸುವ ಭಾಗ) ಇರುವ ಹಳೆಯ ಮಾರುತಿ 800 ಏರಿನಲ್ಲಿ ಎಳೆಯದೆ ಜರ್ಕ್ ಹೊಡೆದರೆ, ಬೆಳಗ್ಗೆ ಇಪ್ಪತ್ತು ಸೆಕೆಂಡ್ ಸೆಲ್ಫ್ ಹೊಡೆಸಿಕೊಂಡರೆ, ಮೊದಲ ಬೈಗುಳ ಟ್ಯಾಂಕಿನಿಂದ ಪೆಟ್ರೋಲು ಎಳೆಯುವ ಪಂಪಿಗೇ. ಹೊಸ ಪಂಪ್ ತಂದು ಕೂರಿಸಿದ ಮೇಲೂ ಗಾಡಿ ಹಳೇ ಚಾಳಿ ಬಿಡದಿರುವುದು ಮಾಮೂಲು. ಯಾಕೆಂದರೆ ತಪ್ಪು ಬಹಳ ಸಲ ಪಂಪಿಗಿಂತ ಹಿಂದೆ, ಟ್ಯಾಂಕಿನಿಂದ ಬರುವ ದಾರಿಯಲ್ಲಿರುತ್ತದೆ.

ಈ ಗಾಡಿಯ ಪಂಪಿಗೆ ಕರೆಂಟಿಲ್ಲ, ಫ್ಯೂಸಿಲ್ಲ, ರಿಲೇ ಇಲ್ಲ. ಎಂಜಿನ್ ಹೆಡ್ಡಿಗೆ ಬೋಲ್ಟ್ ಮಾಡಿದ ಡಯಾಫ್ರಮ್ ಪಂಪ್ ಅದು. ಕ್ಯಾಮ್ (ಎಂಜಿನ್ ವಾಲ್ವುಗಳನ್ನು ತೆರೆಯುವ, ಉಬ್ಬುಗಳಿರುವ ದಂಡ) ತಿರುಗಿದಂತೆ ಲಿವರ್ ಆಡುತ್ತದೆ, ಲಿವರ್ ಆಡಿದಂತೆ ರಬ್ಬರ್ ಪದರ ಮೇಲೆ ಕೆಳಗೆ ಹೋಗಿ ಪೆಟ್ರೋಲನ್ನು ಎಳೆದು ತಳ್ಳುತ್ತದೆ. ಒತ್ತಡವೂ ಹೆಚ್ಚಿಲ್ಲ, 3ರಿಂದ 5 ಪಿಎಸ್‌ಐ ಆಸುಪಾಸು. ಹಾಗಾಗಿ ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ ಎಂಪಿಎಫ್‌ಐ ಮಾಡೆಲ್ಲಿನ ಕಥೆ ಬೇರೆ: ಪಂಪ್ ಟ್ಯಾಂಕಿನೊಳಗಿದೆ, ಲೈನಿನಲ್ಲಿ ಹಲವು ಪಟ್ಟು ಹೆಚ್ಚು ಒತ್ತಡವಿರುತ್ತದೆ. ಕೀಲಿ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡ್ ಗುಂಯ್ ಅನ್ನದಿದ್ದರೆ ಫ್ಯೂಸ್, ರಿಲೇ ನೋಡಿ. ಅದರ ಪೈಪುಗಳನ್ನು ಇಲ್ಲಿ ಹೇಳಿರುವ ಹಾಗೆ ಬಿಚ್ಚಬೇಡಿ.

ಸ್ಪ್ಯಾನರ್ ಹಿಡಿಯುವ ಮೊದಲು ಕಾರ್ಬುರೇಟರಿನ ಫ್ಲೋಟ್ ಚೇಂಬರಿನಲ್ಲಿರುವ (ಪೆಟ್ರೋಲು ಬಂದು ನಿಲ್ಲುವ ಸಣ್ಣ ಬಟ್ಟಲು) ಸಣ್ಣ ದುಂಡು ಗಾಜನ್ನು ನೋಡಿ. ಗಾಡಿ ನಿಂತ ಆ ಕ್ಷಣದಲ್ಲೇ ನೋಡಬೇಕು. ಪೆಟ್ರೋಲು ಗುರುತಿನ ಮಟ್ಟದಲ್ಲಿದ್ದರೆ ಪಂಪ್ ತನ್ನ ಕೆಲಸ ಮಾಡಿದೆ. ಸ್ಪಾರ್ಕ್, ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲು ಹಾಯುವ ಸಣ್ಣ ತೂತು), ಐಡ್ಲಿಂಗ್ ಸೊಲೆನಾಯ್ಡ್ (ಐಡ್ಲಿಂಗಿನ ಪೆಟ್ರೋಲು ಬಿಡುವ ಕರೆಂಟ್ ವಾಲ್ವ್) ಕಡೆಗೆ ಹೋಗಿ. ಗಾಜು ಖಾಲಿ ಕಂಡರೆ ಮಾತ್ರ ಮುಂದಿನ ಕೆಲಸ. ವಾರಗಟ್ಟಲೆ ನಿಂತ ಗಾಡಿಯಲ್ಲಿ ಅದು ಆರಿ ಖಾಲಿಯಾಗಿರುತ್ತದೆ, ಅದು ದೋಷವಲ್ಲ.

ಎಂಜಿನ್ ಪೂರ್ತಿ ತಣ್ಣಗಿರಲಿ, ಗಾಡಿ ಬಯಲಲ್ಲಿ ನಿಂತಿರಲಿ, ಬೀಡಿ ಸಿಗರೇಟು ದೂರವಿರಲಿ, ಬೆಂಕಿ ಆರಿಸುವ ಪುಡಿಯ ಸಿಲಿಂಡರ್ ಕೈಗೆಟುಕುವಂತಿರಲಿ. ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಇಗ್ನಿಷನ್ ಕಾಯಿಲ್ಲಿನ ಪ್ಲಸ್ ಕಡೆಯ ಸಣ್ಣ ವೈರ್ ಬಿಚ್ಚಿ ತುದಿಗೆ ಟೇಪ್ ಸುತ್ತಿ, ಸ್ಪಾರ್ಕ್ ಬರಲೇಬಾರದು. ಕಾರ್ಬುರೇಟರಿಗೆ ಹೋಗುವ ಪೈಪನ್ನು ಅಲ್ಲೇ ಬಿಚ್ಚಿ, ಅದಕ್ಕೆ ಉದ್ದನೆಯ ಪೈಪ್ ಜೋಡಿಸಿ, ಇನ್ನೊಂದು ತುದಿಯನ್ನು ಎಂಜಿನ್ನಿನಿಂದ ದೂರವಿಟ್ಟ ಬಾಟಲಿಗೆ ಬಿಡಿ. ಇನ್ನೊಬ್ಬರಿಗೆ ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಲು ಹೇಳಿ. ಸೆಲ್ಫಿಗೆ ಎಂಜಿನ್ ನಿಮಿಷಕ್ಕೆ 200 ಸುತ್ತು ತಿರುಗಿದರೆ ಕ್ಯಾಮ್ ಅದರ ಅರ್ಧ, 100 ಸುತ್ತು. ಅಂದರೆ ಹತ್ತು ಸೆಕೆಂಡಿನಲ್ಲಿ ಹದಿನಾರು ಹದಿನೇಳು ಸಲ ಚಿಮ್ಮಬೇಕು. ಹಸುವಿನ ಹಾಲು ಕರೆದಂತೆ ಚುರ್ರ್, ಚುರ್ರ್ ಎಂದು ಬಿಡಿಬಿಡಿಯಾಗಿ, ಬಿಗಿಯಾಗಿ ಬಂದರೆ ಪಂಪ್ ಸರಿ. ತೊಟ್ಟಿಕ್ಕಿದರೆ, ನೊರೆ ನೊರೆಯಾಗಿ ಬಂದರೆ ಸರಿಯಿಲ್ಲ. ಆದರೆ ಯಾವುದು ಸರಿಯಿಲ್ಲ?

ಎಲ್ಲರೂ ಎಡವುವುದು ಇಲ್ಲೇ. ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಎಳೆತ ಮಾತ್ರ ಇರುತ್ತದೆ. ಅಲ್ಲಿ ಬಿರುಕು ಬಿಟ್ಟರೆ ಪೆಟ್ರೋಲು ಹೊರಗೆ ಸೋರುವುದಕ್ಕಿಂತ ಗಾಳಿ ಒಳಗೆ ನುಗ್ಗುವುದೇ ಹೆಚ್ಚು. ನೆಲದಲ್ಲಿ ಒಂದು ಹನಿಯೂ ಕಾಣದು, ವಾಸನೆಯೂ ಬಾರದು. ಪಂಪ್ ಅರ್ಧ ಗಾಳಿ, ಅರ್ಧ ಪೆಟ್ರೋಲು ಎಳೆಯುತ್ತದೆ. ಐಡ್ಲಿಂಗಿಗೆ ಅಷ್ಟು ಸಾಕು. ಘಾಟಿ ಹತ್ತುವಾಗ ಸಾಲದು. ರಾತ್ರಿ ನಿಂತಾಗ ಅದೇ ಬಿರುಕಿನಿಂದ ಗಾಳಿ ಹೊಕ್ಕು ಪೈಪಿನಲ್ಲಿದ್ದ ಪೆಟ್ರೋಲು ಟ್ಯಾಂಕಿಗೆ ವಾಪಸ್ ಇಳಿಯುತ್ತದೆ, ಬೆಳಗಿನ ತೊಂದರೆ ಅದರದ್ದು.

ಪತ್ತೆ ಮಾಡುವುದು ಸುಲಭ. ಪಂಪಿನ ಒಳಬಾಯಿಯ ಪೈಪ್ ಬಿಚ್ಚಿ (ಟ್ಯಾಂಕ್ ಕಡೆಯ ತುದಿಗೆ ಬೋಲ್ಟ್ ತುರುಕಿ ಮುಚ್ಚಿ), ಬದಲಿಗೆ ಒಂದು ಹೊಸ ಪೈಪ್ ಹಾಕಿ, ಅದನ್ನು ಅರ್ಧ ಲೀಟರ್ ಪೆಟ್ರೋಲಿರುವ ಬಾಟಲಿಗೆ ಇಳಿಬಿಟ್ಟು ಅದೇ ಪರೀಕ್ಷೆ ಮತ್ತೆ ಮಾಡಿ. ಈಗ ಚೆನ್ನಾಗಿ ಚಿಮ್ಮಿತೆ? ಪಂಪಿನ ದುಡ್ಡು ಉಳಿಯಿತು. ಫಿಲ್ಟರ್, ರಬ್ಬರ್ ಪೈಪು, ಕ್ಲಿಪ್ಪು, ಟ್ಯಾಂಕಿನ ಹತ್ತಿರದ ಗಿಡ್ಡ ಪೈಪು ಒಂದೊಂದಾಗಿ ನೋಡುತ್ತ ಬನ್ನಿ. ಆ ಗಿಡ್ಡ ಪೈಪನ್ನು ಯಾರೂ ಬದಲಿಸಿರುವುದಿಲ್ಲ. ಟ್ಯಾಂಕ್ ಮುಚ್ಚಳವನ್ನೂ ಮರೆಯಬೇಡಿ: ಗಾಡಿ ನಿಂತಾಗ ತೆರೆದರೆ ಉಸ್ಸೆಂದು ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಗಾಡಿ ಸರಿ ಓಡಿದರೆ ಗಾಳಿಯಾಡುವ ದಾರಿ ಕಟ್ಟಿದೆ. ಪೈಪನ್ನು ಬಾಯಲ್ಲಿಟ್ಟು ಎಳೆಯುವ ಚಟ ಮಾತ್ರ ಬೇಡ, ಪೆಟ್ರೋಲು ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆಯೇ ಗತಿ.

2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕ ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲು ಈಗ ಎಲ್ಲ ಬಂಕಿಗೂ ಬಂದಿದೆ. ಎಂಬತ್ತು, ತೊಂಬತ್ತರ ದಶಕದ ರಬ್ಬರ್ ಅದಕ್ಕೆಂದು ಮಾಡಿದ್ದಲ್ಲ. ಕೆಲವು ಉಬ್ಬಿ ಮೆತ್ತಗಾಗುತ್ತವೆ, ಕೆಲವು ಗಡುಸಾಗಿ ಬಿರಿಯುತ್ತವೆ. ಹೊಸ ಪೈಪ್ ಕೊಳ್ಳುವಾಗ ಹಳೆಯ ತುಂಡನ್ನು ಅಂಗಡಿಗೆ ಒಯ್ದು ಒಳಅಳತೆ ಹೊಂದಿಸಿ, ಮೈಮೇಲೆ ಪೆಟ್ರೋಲ್ ಪೈಪಿನ ದರ್ಜೆ ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರುವುದನ್ನು ಕೇಳಿ. ಪಾರದರ್ಶಕ ಪೈಪು ಗುಳ್ಳೆ ನೋಡಲಿಕ್ಕಷ್ಟೇ. ಖಾಯಂ ಹಾಕಿದರೆ ಕೆಲವೇ ತಿಂಗಳಲ್ಲಿ ಕಡ್ಡಿಯಾಗುತ್ತದೆ.

ಬಾಟಲಿಯಿಂದಲೂ ಎಳೆಯದಿದ್ದರೆ ಪಂಪೇ ಹೋಗಿದೆ. ಹೊರಗೆ ತೆಗೆದು, ಒಳಬಾಯಿಗೆ ಹೆಬ್ಬೆರಳು ಒತ್ತಿ ಲಿವರ್ ಆಡಿಸಿ. ಬೆರಳು ಹೀರಿ ಹಿಡಿದು ಕೆಲವು ಸೆಕೆಂಡ್ ಬಿಡಬಾರದು. ತಕ್ಷಣ ಬಿಟ್ಟರೆ ವಾಲ್ವ್ ಅಥವಾ ಡಯಾಫ್ರಮ್ ಸತ್ತಿದೆ. ಪಂಪಿನ ಕೆಳಗಿನ ಸಣ್ಣ ತೂತಿನಿಂದ ಪೆಟ್ರೋಲು ಜಿನುಗಿದರೂ ಅದೇ ಅರ್ಥ. ಇದಕ್ಕಿಂತ ಕೆಟ್ಟದ್ದು, ಹರಿದ ಡಯಾಫ್ರಮ್ಮಿನಿಂದ ಪೆಟ್ರೋಲು ಎಂಜಿನ್ ಆಯಿಲಿಗೆ ಇಳಿಯುವುದು. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ತಾನಾಗಿ ಏರಿದ್ದರೆ, ಮೂಸಿದಾಗ ಪೆಟ್ರೋಲು ಹೊಡೆದರೆ, ಗಾಡಿ ಒಂದು ಮಾರೂ ಓಡಿಸಬೇಡಿ. ತೆಳುವಾದ ಆಯಿಲ್ ಬೇರಿಂಗನ್ನು ತಿಂದುಬಿಡುತ್ತದೆ.

ಹೊಸ ಪಂಪ್ ಕೂರಿಸುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಮೂತಿ ಮೂರು: ಒಳಗೆ, ಹೊರಗೆ, ರಿಟರ್ನ್. ಬಿಚ್ಚುವಾಗಲೇ ಬಣ್ಣದ ದಾರ ಕಟ್ಟಿಕೊಂಡರೆ ಅದಲುಬದಲಾಗದು. ಪಂಪಿಗೂ ಹೆಡ್ಡಿಗೂ ನಡುವಿನ ಪ್ಯಾಕಿಂಗ್ ದಪ್ಪ ಮೊದಲಿದ್ದಷ್ಟೇ ಇರಬೇಕು. ಆಯಿಲ್ ಸೋರುತ್ತದೆಂದು ಎರಡು ಪ್ಯಾಕಿಂಗ್ ಏರಿಸಿದರೆ ಲಿವರ್ ಕ್ಯಾಮಿನಿಂದ ದೂರವಾಗಿ ಎಳೆತ ಕಡಿಮೆಯಾಗುತ್ತದೆ. ತೀರಾ ತೆಳುವಾದರೆ ಲಿವರ್ ಮೇಲೆ ಭಾರ ಬಿದ್ದು ಮುರಿಯುತ್ತದೆ. ಪಂಪ್ ಸ್ಪ್ರಿಂಗಿನಂತೆ ಒದ್ದು ಕೂರಲು ಒಪ್ಪದಿದ್ದರೆ ಬೋಲ್ಟಿನಿಂದ ಎಳೆದು ಕೂರಿಸಬೇಡಿ. ಕ್ಯಾಮಿನ ಉಬ್ಬು ಎದುರಿಗಿದೆ. ಟಾಪ್ ಗೇರಿನಲ್ಲಿ ಗಾಡಿಯನ್ನು ತುಸು ಮುಂದೆ ತಳ್ಳಿ, ಸಡಿಲಾಗುತ್ತದೆ. ಹೆಡ್ ಅಲ್ಯೂಮಿನಿಯಮ್ಮಿನದ್ದು, ಬೋಲ್ಟ್ ತೂತಿನ ತಿರುಪಿನ ಮರೆ ಸವೆದು ಹೋದರೆ ಪಂಪಿಗಿಂತ ದುಬಾರಿ. ಎರಡೂ ಕಡೆ ಸ್ವಲ್ಪ ಸ್ವಲ್ಪವೇ ಸಮನಾಗಿ ಬಿಗಿಯಿರಿ. ಆಯಿಲಿಗೆ ಪೆಟ್ರೋಲು ಬೆರೆತಿದ್ದರೆ ಆಯಿಲನ್ನೂ ಫಿಲ್ಟರನ್ನೂ ಬದಲಿಸಿದ ಮೇಲಷ್ಟೇ ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಐಡ್ಲಿಂಗಿನಲ್ಲಿಟ್ಟು ಮೂರೂ ಕ್ಲಿಪ್ಪಿನ ಬುಡಕ್ಕೆ ಒಣ ಬಟ್ಟೆ ಒತ್ತಿ ನೋಡಿ.

ಇಷ್ಟಾದರೂ ಏಪ್ರಿಲ್ ಮಧ್ಯಾಹ್ನ ಚಾರ್ಮಾಡಿ ಹತ್ತುವಾಗ ಗಾಡಿ ನಿಂತರೆ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಲು ಗಂಟೆ ಕಾಯಿರಿ. ಆಮೇಲೆ ಸ್ಟಾರ್ಟ್ ಆದರೆ ಪೈಪಿನಲ್ಲಿ ಪೆಟ್ರೋಲು ಆವಿಯಾಗಿತ್ತು ಅಷ್ಟೆ. ಸೈಲೆನ್ಸರ್ ಪೈಪಿನ ಹತ್ತಿರ ಹಾದಿರುವ ಪೆಟ್ರೋಲ್ ಪೈಪನ್ನು ದೂರ ಸರಿಸಿ ಕಟ್ಟಿ.